ಹಸುವಿನ ಹಿಂದೆ ಹೊರಟ ಮೇಡಂ

ಮೇಡಂ ತೀರಿಕೊಂಡರು ಎಂದು ಅವರ ತಮ್ಮ ಫೋನು ಮಾಡಿದಾಗ ನಾನು ಪ್ಲೇಟು ತೊಳೆಯುತ್ತಿದ್ದೆ. ರಕ್ತದಲ್ಲಿ ರೋಗದ ಗುರುತು ಹುಡುಕುವ ಎಲಿಸಾ ಪರೀಕ್ಷೆಯ ಪ್ಲೇಟನ್ನು ನಡುವೆ ಬಿಟ್ಟು ಏಳುವಂತಿಲ್ಲ. ಬಿಟ್ಟರೆ ಅದರ ಪುಟ್ಟ ಗುಂಡಿಗಳು ಒಣಗುತ್ತವೆ; ಒಣಗಿದರೆ ಎಲ್ಲೆಲ್ಲಿಂದಲೋ ಬಂದ ಅಷ್ಟೂ ರಕ್ತ ದಂಡ. ಫೋನನ್ನು ಸ್ಪೀಕರಿಗೆ ಹಾಕಿ, ಕೈಗವಸಿನಲ್ಲೇ ಕೆಲಸ ಮುಂದುವರಿಸುತ್ತ, ಹೇಗಾಯಿತು ಎಂದು ಕೇಳಿದೆ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ತಲೆ ಎತ್ತಲಿಲ್ಲವಂತೆ. ಪ್ಲೇಟನ್ನು ಮಗುಚಿ ಬಟ್ಟೆಯ ಮೇಲೆ ಕುಕ್ಕಿ, ಮುಂದಿನ ದ್ರಾವಣ ಹಾಕಿ ಮುಚ್ಚಿಟ್ಟು, ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಅತ್ತದ್ದು ಅಲ್ಲೇ. ಮೊದಲೇ ಎದ್ದು ಬಂದಿದ್ದರೆ ಮೇಡಂ ಬೈಯುತ್ತಿದ್ದರು.

ಬೈಯುವುದರಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ, ದೇವಸ್ಥಾನದ ಸೇವೆಯಲ್ಲಿದ್ದ ಮನೆತನದಲ್ಲಿ ಹುಟ್ಟಿದವರು. ತಂದೆ ಗುಡಿಯಲ್ಲಿ, ಅವರ ನಂತರ ತಮ್ಮನೂ ಗುಡಿಯಲ್ಲಿ. ಇವರೊಬ್ಬರು ಪಶುವೈದ್ಯ ಓದಿ, ದನದ ರಕ್ತದಲ್ಲಿ ರೋಗದ ಜಾಡು ಹುಡುಕುವ ಕೆಲಸಕ್ಕೆ ಬಿದ್ದರು. ಮದುವೆ ಆಗಲಿಲ್ಲ. ಯಾಕೆಂದು ಕೆದಕಿದ ನೆಂಟರೊಬ್ಬರಿಗೆ ನನ್ನೆದುರೇ ಉತ್ತರ ಕೊಟ್ಟಿದ್ದರು: "ನೋಡೋಕೆ ಬಂದೋರೆಲ್ಲ ಮೊದಲು ಕೈ ತೊಳ್ಕೊಂಡು ಬಾರಮ್ಮ ಅಂದ್ರು. ನಾನು ತೊಳ್ಕೊಂಡೇ ಕೂತಿರ್ತಿದ್ದೆ."

ನಮ್ಮದು ಅದೇ ಊರಿನ ಹಳೆಯ ಮಹಡಿ ಕಟ್ಟಡದಲ್ಲಿದ್ದ ಸಣ್ಣ ಖಾಸಗಿ ಲ್ಯಾಬು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಐಸ್ ತುಂಬಿದ ಡಬ್ಬಿಗಳಲ್ಲಿ ರಕ್ತ ಬರುತ್ತಿತ್ತು. ಬಸ್ಸಿನ ಕಂಡಕ್ಟರುಗಳು ಅದನ್ನು ಹೂವಿನ ಬುಟ್ಟಿಯಂತೆ ಇಳಿಸಿ ಹೋಗುತ್ತಿದ್ದರು. ಬಹುಪಾಲು ದನದ್ದು, ಕೆಲವು ಮನುಷ್ಯರದ್ದು. ಮೇಡಂ ಬಂದವರೇ ಬಳೆಗಳನ್ನು ಬಿಚ್ಚಿ ಮೇಜಿನ ಖಾನೆಗೆ ಹಾಕಿ, ಸೆರಗನ್ನು ಕೋಟಿನೊಳಗೆ ಬಿಗಿದು, ಅಲ್ಲಿಂದ ಮಧ್ಯಾಹ್ನದವರೆಗೆ ಮಾತು ಬಿಟ್ಟುಬಿಡುತ್ತಿದ್ದರು. ಗುಂಡಿಗಳಿಗೆ ಹನಿ ಹಾಕುವಾಗ ಯಾರಾದರೂ ಮಾತಾಡಿಸಿದರೆ ತಿರುಗಿಯೂ ನೋಡದೆ ಎಡಗೈ ಎತ್ತುತ್ತಿದ್ದರು. ಆ ಕೈ ಇಳಿಯುವವರೆಗೆ ನಾವು ಕೆಮ್ಮುತ್ತಲೂ ಇರಲಿಲ್ಲ.

ನಾನು ಪಾಂಡವಪುರದ ಕಡೆಯ ಬೇಸಾಯಗಾರರ ಮನೆಯವನು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ದಿನ ಅವರು ನನ್ನನ್ನು ಲ್ಯಾಬಿನೊಳಗೆ ಬಿಡಲಿಲ್ಲ. ಹಿಂದಿನ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿ, ಮೊಣಕಾಲೆತ್ತರ ಬೆಳೆದಿದ್ದ ಉತ್ತರಾಣಿ ಗಿಡಗಳ ನಡುವೆ ಈ ಕಡೆಯಿಂದ ಆ ಕಡೆಗೆ ನಡೆ ಎಂದರು. ಹೊಸ ಪ್ಯಾಂಟು. ನಡೆದು ಬಂದೆ. "ಈಗ ಕೊಡವು." ಕೊಡವಿದೆ. "ನಲ್ಲಿ ಕೆಳಗೆ ಹಿಡಿ." ಹಿಡಿದೆ. ಧೂಳು, ಎಲೆ ಎಲ್ಲ ಹೋಯಿತು. ಉತ್ತರಾಣಿ ಬೀಜ ಮಾತ್ರ ಬಟ್ಟೆ ಕಚ್ಚಿಕೊಂಡೇ ಇತ್ತು.

"ಇಷ್ಟೇ ಕಣೋ ಎಲಿಸಾ," ಎಂದರು. "ಪ್ಲೇಟಿನ ಪ್ರತಿ ಗುಂಡಿಯ ತಳಕ್ಕೂ ರೋಗಾಣುವಿನ ಚೂರನ್ನ ಮೊದಲೇ ಅಂಟಿಸಿರ್ತೀವಿ. ರಕ್ತ ಹೆಪ್ಪಾದ ಮೇಲೆ ಮೇಲೆ ನಿಲ್ಲೋ ತಿಳಿ ಇರುತ್ತಲ್ಲ, ಸೀರಂ, ಅದನ್ನ ಹಾಕ್ತೀವಿ. ಹಿಂದೆ ಯಾವತ್ತಾದ್ರೂ ಆ ರೋಗಾಣು ಮೈಗೆ ಹೊಕ್ಕಿದ್ರೆ ಅದರ ಮೇಲೆ ಕಾದಾಡೋಕೆ ಮೈ ಪ್ರತಿಕಾಯ ಮಾಡ್ಕೊಂಡಿರುತ್ತೆ. ಆ ಪ್ರತಿಕಾಯ ಬಂದು ಕಚ್ಕೊಳುತ್ತೆ. ಮಿಕ್ಕಿದ್ದನ್ನೆಲ್ಲ ತೊಳೆದು ಹಾಕ್ತೀವಿ."

"ಕಚ್ಕೊಂಡಿರೋದು ಕಣ್ಣಿಗೆ ಕಾಣುತ್ತಾ ಮೇಡಂ?"

"ಕಾಣಲ್ಲ. ಅದಕ್ಕೇ ಇನ್ನೊಂದು ಪ್ರತಿಕಾಯ ಕಳಿಸ್ತೀವಿ, ಮೊದಲನೇದನ್ನೇ ಹಿಡಿಯೋ ಅಂಥದ್ದು. ಅದರ ಬೆನ್ನಿಗೆ ಒಂದು ಕಿಣ್ವ ಕಟ್ಟಿರ್ತೀವಿ. ಮತ್ತೆ ತೊಳೀತೀವಿ. ಆಮೇಲೆ ಬಣ್ಣ ಇಲ್ಲದ ದ್ರಾವಣ ಒಂದು ಹನಿ. ಕಿಣ್ವ ಉಳಿದಿದ್ರೆ ಆ ನೀರನ್ನ ನೀಲಿ ಮಾಡುತ್ತೆ. ಆಸಿಡ್ ಹಾಕಿ ನಿಲ್ಲಿಸಿದ್ರೆ ಹಳದಿ. ಏನೂ ಕಚ್ಕೊಂಡಿಲ್ಲ ಅಂದ್ರೆ ನೀರು ನೀರಾಗೇ ಇರುತ್ತೆ." ನನ್ನ ಪ್ಯಾಂಟನ್ನು ತೋರಿಸಿ ಸೇರಿಸಿದರು: "ಆದ್ರೆ ಒಂದು ನೆನಪಿಟ್ಕೋ. ನೀನು ಈ ಗಿಡದ ನಡುವೆ ಹಾದು ಬಂದಿದೀಯ ಅಂತ ಬೀಜ ಹೇಳುತ್ತೆ. ಯಾವಾಗ, ಯಾಕೆ ಅಂತ ಹೇಳಲ್ಲ. ಅದನ್ನ ನಾವು ಹೋಗಿ ಕೇಳ್ಬೇಕು."

ಬಣ್ಣ ಬರುವ ಹೊತ್ತಿನಲ್ಲಿ ಅವರು ಪ್ಲೇಟಿಗೆ ಬೆನ್ನು ಮಾಡಿ, ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು. ಬಗ್ಗಿ ನೋಡುತ್ತ ನಿಂತರೆ ನಮಗೆ ಬೇಕಾದ ಬಣ್ಣವೇ ಕಾಣತೊಡಗುತ್ತದೆ ಎನ್ನುವುದು ಅವರ ನಂಬಿಕೆ.

ಒಮ್ಮೆ ಕೆ.ಆರ್.ಎಸ್. ಕಡೆಯ ದೊಡ್ಡ ಡೈರಿಯವರೊಬ್ಬರು ತಮ್ಮ ದನಗಳನ್ನು ಮಾರುವ ಮುನ್ನ ಪರೀಕ್ಷೆಗೆ ಕೊಟ್ಟಿದ್ದರು. ಸಂಜೆಗೆ ಫಲಿತಾಂಶ ಬೇಕೆಂದು ಎದುರಿನ ಕುರ್ಚಿಯಲ್ಲೇ ಕೂತಿದ್ದರು. ಅವತ್ತು ಕರೆಂಟು ಹೋಗಿ ಬಂದು ಆಡುತ್ತಿತ್ತು. ತೊಳೆಯುವ ಯಂತ್ರ ನಡುವೆ ನಿಂತಿತ್ತು. ಕೊನೆಗೆ ನೋಡಿದರೆ ದನದ ಗುಂಡಿಗಳೆಲ್ಲ ತಿಳಿಯಾಗಿವೆ, ಆದರೆ ಯಾವ ರಕ್ತವನ್ನೂ ಹಾಕದೆ ಬಿಟ್ಟಿದ್ದ ಒಂದು ಗುಂಡಿ ತೆಳ್ಳಗೆ ಹಳದಿಯಾಗಿದೆ. ಆ ಮನುಷ್ಯನಿಗೆ ಖುಷಿಯೋ ಖುಷಿ. "ನನ್ನ ದನ ಎಲ್ಲ ಕ್ಲೀನಾಗವಲ್ಲ ಮೇಡಂ, ಆ ಖಾಲಿ ಗುಂಡಿ ಯಾರಿಗ್ ಬೇಕು ಬುಡಿ!"

ಮೇಡಂ ಪ್ಲೇಟನ್ನು ಅವರ ಕಣ್ಣೆದುರೇ ಕಸದ ಡಬ್ಬಿಗೆ ಹಾಕಿದರು. "ಏನೂ ಇಲ್ಲದ ಕಡೆ ಬಣ್ಣ ಬಂದಿದೆ ಅಂದ್ರೆ ಇಡೀ ಪ್ಲೇಟು ಸುಳ್ಳು. ನಿಮಗೆ ಅನುಕೂಲದ ಸುಳ್ಳು ಅಂತ ನಾನು ಸಹಿ ಹಾಕಕ್ಕಾಗಲ್ಲ. ನಾಳೆ ಬನ್ನಿ." ಆತ ಯಾರ್ಯಾರಿಗೋ ಫೋನು ಮಾಡಿಸಿದರು. ಆ ಫೋನುಗಳನ್ನು ಮೇಡಂ ಎತ್ತಲಿಲ್ಲ.

ಇಂಥವರು ಒಂದು ಹಸುವಿನ ಬೆನ್ನು ಹತ್ತಿ ಹೋದದ್ದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಚಿನಕುರಳಿಯ ಜವರಪ್ಪ ಎಂಬುವವರ ಕೊಟ್ಟಿಗೆಯಲ್ಲಿ ಮೂರು ಹಸುಗಳಿದ್ದವು. ಎರಡು ಹಸುಗಳು ಒಂದರ ಹಿಂದೊಂದು, ತಿಂಗಳು ತುಂಬುವ ಮೊದಲೇ ಸತ್ತ ಕರು ಹಾಕಿದವು. ನಮ್ಮ ಕಡೆ ಇದಕ್ಕೆ ಕಂದು ಹಾಕುವುದು ಎನ್ನುತ್ತಾರೆ. ಒಮ್ಮೊಮ್ಮೆ ಅದು ಬ್ರುಸೆಲ್ಲಾ ಎಂಬ ರೋಗಾಣುವಿನ ಕೆಲಸ. ದನದಿಂದ ದನಕ್ಕೆ ಹರಡುತ್ತದೆ. ಕಂದು ಹಾಕಿದಾಗ ಬರಿಗೈಯಲ್ಲಿ ಕರುವನ್ನೋ ಅದರ ಹಿಂದೆ ಬೀಳುವ ಕಸವನ್ನೋ ಮುಟ್ಟಿದ ಮನುಷ್ಯರಿಗೂ ಹತ್ತುತ್ತದೆ. ಸಂಜೆ ಜ್ವರ, ಬೆವರು, ಮುರಿದುಹೋಗುವಂಥ ಸೊಂಟನೋವು. ಬಸುರಿ ಹೆಂಗಸರಿಗೆ ಹತ್ತಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ.

ಮೂರೂ ಹಸುಗಳ ರಕ್ತ ಬಂತು. ಕಂದು ಹಾಕಿದ ಎರಡರ ಗುಂಡಿಗಳು ಗಾಢ ಹಳದಿ, ಅನುಮಾನವೇ ಇಲ್ಲ. ಮೂರನೆಯದು, ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಗಬ್ಬದ ಹಸು, ನಡುವೆ ನಿಂತಿತು. ಇದೆ ಎನ್ನುವಷ್ಟು ಬಣ್ಣವಿಲ್ಲ, ಇಲ್ಲ ಎನ್ನುವಷ್ಟು ತಿಳಿಯೂ ಅಲ್ಲ.

ಜವರಪ್ಪ ಫೋನಿನಲ್ಲಿ ಹೇಳಿದ್ದರು: "ಅದು ಕರುವಾಗಿದ್ದಾಗ ಲಸಿಕೆ ಹಾಕ್ಸಿದ್ದೆ ಮೇಡಂ. ಅದ್ಕೇ ಅಂಗ್ ತೋರುಸ್ತಾ ಅದೆ."

ಆ ಮಾತು ತಳ್ಳಿಹಾಕುವಂಥದ್ದಲ್ಲ. ಲಸಿಕೆಯೂ ಮೈಯಲ್ಲಿ ಅದೇ ಪ್ರತಿಕಾಯ ಎಬ್ಬಿಸುತ್ತದೆ. ಲಸಿಕೆಯದಾದರೆ ಇಳಿಯುತ್ತ ಹೋಗಬೇಕು, ಹೊಸದಾಗಿ ಹತ್ತಿದ ರೋಗದ್ದಾದರೆ ಏರಬೇಕು. ಕೆಲವು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯಿರಿ, ಅಲ್ಲಿಯವರೆಗೆ ಹಸುವನ್ನು ಬೇರೆ ಕಟ್ಟಿ, ಮಾರಬೇಡಿ ಎಂದು ಮೇಡಂ ಹೇಳಿ ಕಳಿಸಿದರು. ಒಂದೇ ಒಂದು ಮಸುಕು ಬಣ್ಣ ನಂಬಿ ಒಂದು ಹಸುವಿಗೆ ಜೀವನಪೂರ್ತಿ ಕಳಂಕ ಹಚ್ಚಲು ಅವರಿಗೆ ಮನಸ್ಸಿರಲಿಲ್ಲ.

ಎರಡನೇ ರಕ್ತ ಬಂತು. ಪ್ಲೇಟು ಹಾಕಿದೆವು. ಮೇಡಂ ಕಿಟಕಿಯಿಂದ ತಿರುಗಿ ನೋಡಿದಾಗ ಆ ಹಸುವಿನ ಗುಂಡಿ ಅರಿಶಿನ ಕದಡಿದಂತೆ ಆಗಿತ್ತು.

ಅವರೇ ಜವರಪ್ಪನಿಗೆ ಫೋನು ಮಾಡಿದರು. ಆಚೆಯಿಂದ ಏನೋ ಉತ್ತರ ಬಂತು. ಮೇಡಂ ಫೋನು ಕಿವಿಗಿಟ್ಟುಕೊಂಡೇ ಖಾನೆ ತೆಗೆದು ಬಳೆ ಹುಡುಕತೊಡಗಿದರು.

"ಮಾರಿಬಿಟ್ಟಿದಾನೆ ಕಣೋ ಶಿವು. ಗಾಡಿ ತೆಗಿ."

ನನ್ನ ಬೈಕಿನ ಹಿಂದೆ, ತೊಡೆಯ ಮೇಲೆ ಕೈಗವಸು, ಮಾಸ್ಕು, ಔಷಧಿಯ ಚೀಲ ಇಟ್ಟುಕೊಂಡು ಅವರು ಕೂತರು. ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ನನ್ನ ಭುಜಕ್ಕೆ ಬೆರಳಿನಿಂದ ಕುಟ್ಟುತ್ತಿದ್ದರು. ಅವರ ಲೆಕ್ಕ ನನಗೂ ಗೊತ್ತಿತ್ತು. ಕಂದು ಹಾಕುವುದು ಹೆಚ್ಚಾಗಿ ಗಬ್ಬದ ಕೊನೆಯ ತಿಂಗಳುಗಳಲ್ಲಿ. ಆ ಹಸು ಆ ಹೊತ್ತಿಗೆ ಬಂದಿತ್ತು. ಕೊಂಡ ಮನೆಯವರಿಗೆ ಏನೂ ಗೊತ್ತಿಲ್ಲ. ಹಸು ಒದ್ದಾಡಿದರೆ ಮನೆಮಂದಿಯೆಲ್ಲ ಕೈ ಹಾಕುತ್ತಾರೆ.

ಜವರಪ್ಪ ಜಗಲಿಯಲ್ಲಿ ಕೂತಿದ್ದರು. ಮೇಡಂ ನಿಂತೇ ಕೇಳಿದರು: "ಯಾರಿಗೆ ಕೊಟ್ರಿ?"

"ಸಂತೇಲ್ ಕೊಟ್ಟೆ. ಯಾರ್ಗೆ ಅಂತ ಯೋಳ್ಳಿ?"

"ಮಾರಬೇಡಿ ಅಂದಿದ್ದೆ."

"ರಿಸಲ್ಟ್ ಬಂದ್ಮೇಲೆ ಯಾರ್ ತಗತಾರೆ ಮೇಡಂ? ಎಲ್ಡ್ ಅಸ ಆಗ್ಲೇ ಮೂಲೇಗ್ ಕಟ್ಟಿವ್ನಿ. ಮಾರಂಗಿಲ್ಲ, ಕಡಿಯಂಗಿಲ್ಲ, ಆಲೂ ಇಲ್ಲ. ಮೂರ್ನೇದ್ನೂ ಕಟ್ಕಂಡು ನಾನ್ ಎಂಗ್ ಬದುಕ್ಲಿ, ನೀವೇ ಯೋಳಿ."

ಮೇಡಂ ಚೀಲ ಕೆಳಗಿಟ್ಟರು. "ನಿಮ್ಮ ಕಷ್ಟ ಸುಳ್ಳಲ್ಲ. ಆದ್ರೆ ಆ ಹಸು ಹೋಗಿರೋ ಮನೇಲಿ ಹೆಂಗಸರು ಮಕ್ಕಳು ಇರ್ತಾರೆ. ಅದು ಇವತ್ತೋ ನಾಳೆಯೋ ಕಂದು ಹಾಕುತ್ತೆ. ಯಾರು ಅಂತ ಹೇಳಿ."

"ಗೊತ್ತಿಲ್ಲ ಅಂದ್ನಲ್ಲ."

ಮೇಡಂ ಅವರನ್ನು ಬಿಟ್ಟು ಬಾಗಿಲ ಕಡೆ ನೋಡಿದರು. ಜವರಪ್ಪನ ಹೆಂಡತಿ ಸಣ್ಣಮ್ಮ ಹೊಸ್ತಿಲ ಒಳಗೆ, ಗೋಡೆ ಹಿಡಿದುಕೊಂಡು ನಿಂತಿದ್ದರು. ಬೇಸಿಗೆಯ ಬಿಸಿಲಲ್ಲೂ ಮೈತುಂಬ ಶಾಲು.

"ಸಂಜೆ ಸಂಜೆ ಜ್ವರ ಬರುತ್ತೇನಮ್ಮ?"

"ಊಂ ಕಣವ್ವ. ಬೆವ್ತು ಬೆವ್ತು ಆಸ್ಗೆಯೆಲ್ಲ ಒದ್ದೆಯಾಯ್ತದೆ. ಸೊಂಟ ಬಿದ್ದೋಗೈತೆ."

"ಕರು ಎಳೆದೋರು ನೀವೇನಾ?"

ಸಣ್ಣಮ್ಮ ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು. ಆಮೇಲೆ ಗಂಡನ ಕಡೆ ತಿರುಗಿ, ಅಷ್ಟು ಸೋತ ದೇಹದಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ: "ನಂಗ್ ಬಂದಿರೋದು ಅದೇಯಾ? ಇದ್ನೇ ಇನ್ನೊಂದ್ ಮನೇಗೆ ಅಟ್ಟಿದೀಯಲ್ಲ, ನಿಂಗೆ ಅನ್ನ ಸೇರ್ತದಾ?" ಮತ್ತೆ ಮೇಡಂ ಕಡೆಗೆ: "ಬೂಕನಕೆರೆ ದಳ್ಳಾಳಿ ಕಣವ್ವ. ಕಬ್ಬಿಣದಂಗ್ಡಿ ಪಕ್ದಲ್ ಅವ್ನ ಮನೆ. ಬಿರ್ನೆ ವೋಗಿ."

ಮೇಡಂ ಸಣ್ಣಮ್ಮನ ರಕ್ತ ತೆಗೆದುಕೊಂಡು, ನಾಳೆಯೇ ಆಸ್ಪತ್ರೆಗೆ ಹೋಗಬೇಕೆಂದು ಹೇಳಿ ಹೊರಬಂದರು. ಬೈಕು ಹತ್ತುವಾಗ ತಮಗೆ ತಾವೇ ಎಂಬಂತೆ ಹೇಳಿದರು: "ನಾನು ಕಾದದ್ದು ತಪ್ಪಲ್ಲ. ಆದ್ರೆ ನಾವು ಕಾಯೋವಾಗ ಜನ ಕಾಯಲ್ಲ ಅಂತ ಹೊಳೀಬೇಕಿತ್ತು ನಂಗೆ."

ಬೂಕನಕೆರೆಯ ದಳ್ಳಾಳಿ ಮೊದಲು ಹಸುವನ್ನೇ ನೋಡಿಲ್ಲ ಎಂದ. ಮೇಡಂ ಅವನ ಜಗಲಿಯ ಮೇಲೆ ಕೂತುಬಿಟ್ಟರು. "ನೀನು ಹಗ್ಗ ಹಿಡಿದು ನಡೆಸಿದೀಯ, ಗಂಜಲ ತುಳಿದಿದೀಯ. ಕೈಯಲ್ಲಿ ಗಾಯ ಇದೆ ನೋಡು. ನಿನ್ನ ರಕ್ತಾನೂ ಪರೀಕ್ಷೆ ಮಾಡ್ಬೇಕು, ತೋಳು ಕೊಡು," ಎಂದು ಸೂಜಿ ತೆಗೆದರು. ಅದು ಬೆದರಿಕೆಯಾಗಿರಲಿಲ್ಲ, ಅವರು ನಿಜವಾಗಿಯೂ ತೆಗೆಯುವವರಿದ್ದರು. ಸೂಜಿ ಕಂಡದ್ದೇ ಅವನ ನೆನಪು ಮರಳಿತು. ಕೆ.ಆರ್. ಪೇಟೆಯ ಟೆಂಪೋದವನೊಬ್ಬ ಹಸುವನ್ನು ನಾಗಮಂಗಲದ ಕಡೆಗೆ ಸಾಗಿಸಿದ್ದ. ಅವನ ನಂಬರಿಗೆ ನಾನು ದಾರಿಯಲ್ಲಿ ನಿಂತು ನಿಂತು ಫೋನು ಮಾಡಿದೆ, ಸ್ವಿಚಾಫ್. ಕೊನೆಗೆ ಕೆ.ಆರ್. ಪೇಟೆಯ ಟೆಂಪೋ ನಿಲ್ದಾಣದಲ್ಲಿ ಊಟ ಮಾಡುತ್ತ ಸಿಕ್ಕಿದ.

"ಓ, ಚುಕ್ಕೆ ಅಸನಾ? ನಾಗ್ಮಂಗ್ಲದಿಂದ ಆ ಕಡೀಕೆ, ರೋಡ್ ಪಕ್ಕ ನೀಲಿ ಶೀಟಿನ್ ಕೊಟ್ಗೆ. ಮಾದಪ್ಪ ಅಂತ ಯಜಮಾನ್ರು. ಇಳ್ಸೋವಾಗ್ಲೇ ಒಂಥರಾ ಮಂಕಾಗಿತ್ತು ಕಣಣ್ಣ."

"ಫೋನ್ ನಂಬರ್ ಇದೆಯಾ ಅವರದು?"

"ಇಲ್ಲ ಕಣಣ್ಣ."

ಮೇಡಂ ಆ ಕಡೆಯ ಪಶುವೈದ್ಯರಿಗೆ ಫೋನು ಮಾಡಿದರು. ಅವರು ತಾಲ್ಲೂಕಿನ ಇನ್ನೊಂದು ತುದಿಯಲ್ಲಿ ಶಿಬಿರದಲ್ಲಿದ್ದರು. ಬಿಟ್ಟು ಬರಲು ಹೊತ್ತಾಗುತ್ತದೆ ಎಂದರು. ನಾವು ಊಟ ಮಾಡದೆ ಹೊರಟೆವು. ನಾಗಮಂಗಲ ದಾಟಿ ನೀಲಿ ಶೀಟು ಕಂಡಾಗ ಇಳಿಬಿಸಿಲು. ಕೊಟ್ಟಿಗೆಯ ಮುಂದೆ ಜನ ಸೇರಿದ್ದರು. ಹಸುವಿನ ನರಳಿಕೆ ರಸ್ತೆಗೇ ಕೇಳುತ್ತಿತ್ತು.

ನಾನು ಬೈಕು ನಿಲ್ಲಿಸುವ ಮೊದಲೇ ಮೇಡಂ ಧುಮುಕಿದ್ದರು. "ಮುಟ್ಬೇಡಿ! ಯಾರೂ ಮುಟ್ಬೇಡಿ!"

ಹಸು ಮಲಗಿತ್ತು. ಬಾಲದ ಕೆಳಗೆ ಕರುವಿನ ಒಂದೇ ಒಂದು ಕಾಲು ಹೊರಗೆ ಬಂದು ನಿಂತಿತ್ತು. ಕಿವಿಯಲ್ಲಿ ಗುರುತಿನ ಬಿಲ್ಲೆ ಇರಬೇಕಾದ ಕಡೆ ಹಸಿ ತೂತು. ಹಣೆಯ ಚುಕ್ಕೆ ಮಾತ್ರ ಯಾರೂ ಕತ್ತರಿಸಲಾಗದೆ ಹಾಗೇ ಇತ್ತು. ಯಜಮಾನ ಮಾದಪ್ಪ ತೋಳಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಅವರ ಪಕ್ಕ, ಹಸುವಿನ ಬೆನ್ನ ಹಿಂದೆಯೇ, ಬಿಸಿನೀರಿನ ಪಾತ್ರೆ ಹಿಡಿದು ಸೊಸೆ ಸುಧಾ ನಿಂತಿದ್ದಳು. ಐದಾರು ತಿಂಗಳ ಬಸುರಿ.

ಮೇಡಂ ನೇರ ಹೋಗಿ ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡರು. "ಹಸು ಮುಟ್ಟಿದ್ಯೇನಮ್ಮ?"

"ಇಲ್ಲ, ಈಗಿನ್ನೂ..."

"ಹೊರಗೆ ಹೋಗು. ಕೈಕಾಲು ಸೋಪಾಕಿ ತೊಳ್ಕೊಂಡು ಪಕ್ಕದ ಮನೇಲಿ ಕೂತ್ಕೊ. ಕರೆಯೋವರೆಗೂ ಈ ಕಡೆ ಬರಬೇಡ."

ಮಾದಪ್ಪ ಎದ್ದು ನಿಂತರು. "ಯಾರ್ರೀ ನೀವು? ಅಸ ಸಾಯ್ತಾ ಬಿದ್ದದೆ, ನನ್ ಸೊಸೇನ್ ಹೊರೀಕ್ ಅಟ್ಟಾಕೆ ನೀವ್ಯಾರು?"

"ಅವಳ ಹೊಟ್ಟೇಲಿರೋದು ಬೇಕಾದ್ರೆ ಅವಳನ್ನ ಕಳಿಸಿ. ಬೈಯೋದಿದ್ರೆ ಆಮೇಲೆ ಬೈರಿ."

ಹುಡುಗಿ ಹೆದರಿ ಹೊರಗೆ ಹೋದಳು. ಇದು ಎಂಥ ರೋಗ ಎಂದು ನಾನು ಜನರಿಗೆ ಹೇಳತೊಡಗಿದೆ. ಒಬ್ಬೊಬ್ಬರೇ ಹಿಂದೆ ಸರಿದರು. ಮಾದಪ್ಪ ಎಣ್ಣೆಯ ತೋಳನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತರು.

ಶಿಬಿರದಲ್ಲಿದ್ದ ಪಶುವೈದ್ಯರು ಬರುವವರೆಗೆ ಕಾಯುವಂತಿರಲಿಲ್ಲ. ಮೇಡಂ ಹೆರಿಗೆ ಮಾಡಿಸಿ ವರ್ಷಗಳಾಗಿದ್ದವು, ಅವರದು ಪ್ಲೇಟಿನ ಕೆಲಸ. ತೋಳಿನುದ್ದದ ಕೈಗವಸು ಇದ್ದದ್ದು ಒಂದೇ ಜೊತೆ. ಅದನ್ನು ಹಾಕಿಕೊಂಡು, ಮಾಸ್ಕು ಬಿಗಿದು, ಸಗಣಿಯಲ್ಲೇ ಪಕ್ಕಕ್ಕೆ ಮಲಗಿ ಕೈ ಹಾಕಿದರು. ಕರುವಿನ ಇನ್ನೊಂದು ಕಾಲು ಒಳಗೆ ಮಡಚಿಕೊಂಡಿತ್ತು. ಹಸು ತಿಣುಕಿದಾಗಲೆಲ್ಲ ಮೇಡಂ ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದರು. ಬಿಟ್ಟಾಗ ಮತ್ತೆ ಒಳಗೆ ತಡಕುತ್ತಿದ್ದರು. ನಾನು ಹಸುವಿನ ತಲೆ ಹಿಡಿದಿದ್ದೆ. ಒಮ್ಮೆ "ಅಯ್ಯೋ" ಎಂದರು. ಗೊರಸಿಗೆ ಸಿಕ್ಕಿ ಕೈಗವಸು ಹರಿದಿತ್ತು.

"ಮೇಡಂ, ಸಾಕು ತೆಗೀರಿ ಕೈ."

"ಈಗ ಬಿಟ್ರೆ ಹಸು ಹೋಗುತ್ತೆ. ತಲೆ ಗಟ್ಟಿಯಾಗಿ ಹಿಡ್ಕೊ."

ಕಾಲು ನೇರವಾದದ್ದೇ ಕರು ಒಮ್ಮೆಲೇ ಜಾರಿ ಬಂತು. ಅದರೊಂದಿಗೆ ನೀರು, ರಕ್ತ ಎಲ್ಲ ಅವರ ಮುಖಕ್ಕೆ ಚಿಮ್ಮಿತು. ಮಾಸ್ಕು ಕೆಳಗೆ ಜಾರಿತ್ತು. ಕರು ಸತ್ತಿತ್ತು, ಮೈಮೇಲೆ ಕೂದಲು ಆಗಷ್ಟೇ ಮೂಡುತ್ತಿತ್ತು. ಮೇಡಂ ನೀರಿನ ತೊಟ್ಟಿಗೆ ಓಡಿ ಕಣ್ಣು, ಬಾಯಿ ತೊಳೆಯುತ್ತಲೇ ಇದ್ದರು. ತೊಳೆದು ಮುಗಿಸಿ ಮೊದಲು ಹೇಳಿದ್ದು, "ಕಸ ಎಳ್ಕೊಂಡು ಹೋಗದ ಹಾಗೆ ನಾಯಿ ಕಟ್ಟಿಹಾಕಿ" ಎಂದು.

ಗುಂಡಿ ತೋಡಿ, ಸುಣ್ಣ ಸುರಿದು, ಕರುವನ್ನೂ ಕಸವನ್ನೂ ಆಳಕ್ಕೆ ಹೂತೆವು. ಯಾರೂ ಹತ್ತಿರ ಬರಲಿಲ್ಲ, ಮಾದಪ್ಪನೊಬ್ಬರನ್ನು ಬಿಟ್ಟು. ಅವರೇ ಗುದ್ದಲಿ ಹಿಡಿದಿದ್ದರು. ಮಣ್ಣು ಮುಚ್ಚಿದ ಮೇಲೆ ಕೇಳಿದರು: "ನಮ್ ಹುಡ್ಗೀಗೆ ಏನೂ ಆಗಕಿಲ್ವಲ್ಲಾ ತಾಯಿ?"

"ರಕ್ತ ತಗೊಂಡು ಹೋಗ್ತೀನಿ. ಇವತ್ತು ಚೆನ್ನಾಗಿದೆ ಅಂತ ಬಂದ್ರೆ ಸಾಲದು, ಸ್ವಲ್ಪ ದಿನ ಬಿಟ್ಟು ಮತ್ತೆ ತೆಗೀಬೇಕು. ಮೈ ಪ್ರತಿಕಾಯ ಮಾಡ್ಕೊಳ್ಳೋಕೆ ಹೊತ್ತು ಬೇಕಾಗುತ್ತೆ. ಹಾಲು ಕುದಿಸದೆ ಯಾರೂ ಕುಡಿಬೇಡಿ."

ಸುಧಾಳ ರಕ್ತ ಮೊದಲ ಸಲವೂ ತಿಳಿಯಾಗಿತ್ತು, ಆಮೇಲಿನ ಸಲವೂ ತಿಳಿಯಾಗಿತ್ತು. ಸಣ್ಣಮ್ಮನದು ಹಳದಿ. ಅವರು ವಾರಗಟ್ಟಲೆ ಮಾತ್ರೆ ನುಂಗಿ ಎದ್ದರು. ಎದ್ದವರು ಮಾಡಿದ ಮೊದಲ ಕೆಲಸ, ಗಂಡನನ್ನು ಟೆಂಪೋ ಹತ್ತಿಸಿ ನಾಗಮಂಗಲಕ್ಕೆ ಕಳಿಸಿ ಆ ಹಸುವನ್ನು ವಾಪಸು ತರಿಸಿದ್ದು. ಮಾದಪ್ಪನ ಮನೆಯಲ್ಲಿ ಜವರಪ್ಪನಿಗೆ ಏನೇನು ಮಾತು ಬಿತ್ತೋ ನನಗೆ ತಿಳಿಯದು. ಹಸು ಚಿನಕುರಳಿಯ ಕೊಟ್ಟಿಗೆಯಲ್ಲಿ ಮಿಕ್ಕ ಎರಡರ ಪಕ್ಕ, ಬೇರೆ ಬೇಲಿಯೊಳಗೆ ನಿಂತಿತು.

ಮೇಡಂಗೆ ಜ್ವರ ಶುರುವಾದದ್ದು ಇದೆಲ್ಲ ಮುಗಿಯಿತು ಎಂದು ನಾವು ಅಂದುಕೊಂಡ ಮೇಲೆ. ಸಂಜೆಯಾದರೆ ಕೋಟು ಹೊದ್ದು ಕೂರುತ್ತಿದ್ದರು. ಕುರ್ಚಿಯಿಂದ ಏಳುವಾಗ ಮೇಜು ಹಿಡಿಯುತ್ತಿದ್ದರು. ಒಂದು ದಿನ ತೋಳು ಚಾಚಿ, "ತೆಗಿ" ಎಂದರು. ಎಷ್ಟು ಎಂದೆ. "ಸ್ವಲ್ಪ ಜಾಸ್ತೀನೇ ತೆಗಿ." ಮಾರನೆಯ ದಿನ ಅವರು ಹಾಸಿಗೆ ಹಿಡಿದಿದ್ದರಿಂದ ಆ ಪ್ಲೇಟನ್ನು ನಾನೊಬ್ಬನೇ ಹಾಕಿದೆ. ನನ್ನ ಕೈ ಎಂದೂ ಅಷ್ಟು ನಿಧಾನವಾಗಿ ಕೆಲಸ ಮಾಡಿಲ್ಲ. ತೊಳೆಯುವಾಗ, ಎಲ್ಲ ತೊಳೆದು ಹೋಗಲಪ್ಪ ಎಂದುಕೊಳ್ಳುತ್ತಿದ್ದೆ. ಹೋಗಲಿಲ್ಲ. ಪ್ಲೇಟಿನಲ್ಲಿ ಅಷ್ಟು ಗಾಢವಾದ ಗುಂಡಿ ಬೇರೊಂದು ಇರಲಿಲ್ಲ.

ಕೋಟೆಯ ಮನೆಗೆ ಹೋಗಿ ಹೇಳಿದೆ. ಅವರ ತಮ್ಮ ಕಂಬಕ್ಕೊರಗಿ ನಿಂತಿದ್ದರು. ಮೇಡಂ ಕೇಳಿಸಿಕೊಂಡು ಎರಡೇ ಮಾತು ಹೇಳಿದರು. ಒಂದು, ಮಾತ್ರೆ ಬರೆಯುವ ಡಾಕ್ಟರಿಗೆ ಫೋನು ಮಾಡು ಎಂದು. ಇನ್ನೊಂದು: "ನಾಗಮಂಗಲದೋರಿಗೆ ಹೇಳ್ಬೇಡ. ಹೆರಿಗೆ ಹತ್ರ ಬಂದಿದೆ ಆ ಹುಡುಗೀಗೆ. ಹೊಟ್ಟೇಲಿ ಮಗು ಹೊತ್ಕೊಂಡಿದಾಳೆ, ನನ್ನನ್ನೂ ಯಾಕೆ ಹೊರಬೇಕು?"

ಅವರು ಗುಣವಾದರು. ಆದರೆ ಬೆನ್ನು ಮೊದಲಿನಂತಾಗಲಿಲ್ಲ. ನಿವೃತ್ತಿಯವರೆಗೂ ಎತ್ತರದ ಸ್ಟೂಲಿನ ಮೇಲೆ ದಿಂಬು ಇಟ್ಟುಕೊಂಡು ಕೆಲಸ ಮಾಡಿದರು. ಭಾನುವಾರಗಳಲ್ಲಿ ಚಿನಕುರಳಿ, ಬೂಕನಕೆರೆ ಕಡೆ ಹೋಗಿ ಹೆಣ್ಣುಗರುಗಳಿಗೆ ಲಸಿಕೆ ಹಾಕಿಸಿ ಎಂದು ಮನೆಮನೆಯಲ್ಲಿ ಹೇಳುತ್ತಿದ್ದರು. ಜವರಪ್ಪನ ಬೀದಿಯಲ್ಲಿ ಕೆಲವರು ಅವರನ್ನು ಕಂಡು ಬಾಗಿಲು ಹಾಕಿಕೊಂಡದ್ದೂ ಉಂಟು. ಕಂದು ರೋಗದ ಮೇಡಂ ಬಂದರೆ ಹಾಲಿಗೆ ಹೆಸರು ಕೆಡುತ್ತದೆ ಎಂದು. ಮುಚ್ಚಿದ ಬಾಗಿಲಿಗೂ ಅವರು ಎಲ್ಲ ಹೇಳಿಯೇ ಮುಂದಿನ ಮನೆಗೆ ಹೋಗುತ್ತಿದ್ದರು.

ಅವರು ಹೋದ ಮೇಲೆ ನಡೆದ ಒಂದು ಸಂಗತಿ ಹೇಳಬೇಕು. ಸುಧಾ ಗಂಡನ ಜೊತೆ ನಮ್ಮ ಲ್ಯಾಬಿಗೆ ಬಂದಳು. ಎರಡನೆಯ ಬಸುರು. ಬಿಡದ ಜ್ವರ. ಮನೆಯಲ್ಲಿ ದನ ಇವೆ ಎಂದದ್ದಕ್ಕೆ ನಾಗಮಂಗಲದ ಡಾಕ್ಟರು ಈ ಪರೀಕ್ಷೆ ಮಾಡಿಸಿ ಎಂದಿದ್ದರು. ಅವಳ ಮೊದಲ ಮಗಳು ಕುರ್ಚಿ ಕುರ್ಚಿ ಹತ್ತಿ ಇಳಿಯುತ್ತಿದ್ದಳು. ಸುಧಾ ಫಲಿತಾಂಶ ಕಾಗದದಲ್ಲಿ ಬೇಡ, ನಾನೇ ನೋಡಬೇಕು ಎಂದು ಪಟ್ಟು ಹಿಡಿದು ಗಾಜಿನ ಬಾಗಿಲ ಹೊರಗೆ ಕಾದಳು. ಬಣ್ಣ ನಿಂತ ಮೇಲೆ ಪ್ಲೇಟನ್ನು ಗಾಜಿನ ಹತ್ತಿರ ಹಿಡಿದೆ.

"ಇದು ನಿನ್ನದು. ನೀರಿನಂತಿದೆ ನೋಡು. ಈ ರೋಗದ ಗುರುತು ಏನೂ ಇಲ್ಲ. ಜ್ವರ ಬೇರೆ ಯಾವುದೋ, ಡಾಕ್ಟರು ನೋಡ್ತಾರೆ."

ಅವಳು ಗಾಜಿಗೆ ಹಣೆ ಹಚ್ಚಿ ನಿಟ್ಟುಸಿರುಬಿಟ್ಟಳು. ಆಮೇಲೆ ಮೂಲೆಯ ಗುಂಡಿಯನ್ನು ತೋರಿಸಿದಳು. "ಅದ್ಯಾರ್ದು ಪಾಪ, ಅಷ್ಟೊಂದು ಅಳ್ದಿ ಆಗೈತೆ?"

ಅದು ರೋಗಿಯದಲ್ಲ. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಪ್ರತಿ ಪ್ಲೇಟಿನಲ್ಲೂ, ರೋಗ ಬಂದಿತ್ತೆಂದು ಖಚಿತವಾಗಿ ಗೊತ್ತಿರುವವರ ಸೀರಂ ಒಂದು ಗುಂಡಿಗೆ ಹಾಕುತ್ತೇವೆ. ಅದು ಹಳದಿಯಾದರೆ ಮಾತ್ರ, ಮಿಕ್ಕ ಗುಂಡಿ ತಿಳಿಯಾಗಿವೆ ಎಂಬ ಮಾತನ್ನು ನಂಬಬಹುದು. ಪರೀಕ್ಷೆಯ ಕಿಟ್ಟಿನ ಜೊತೆಯೂ ಅಂಥ ಸೀರಂ ಬರುವುದಿದೆ. ಆದರೂ ನಮ್ಮದೇ ಒಂದು ಇರಲಿ ಎಂದು ಮೇಡಂ ಅವತ್ತು ಜಾಸ್ತಿ ತೆಗೆಸಿದ್ದ ರಕ್ತದ ಸೀರಂ ಅನ್ನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜರಿನಲ್ಲಿ ಇಡಿಸಿದ್ದರು. ಹೆರಿಗೆಯವರೆಗೆ ಹೇಳ್ಬೇಡ ಎಂದಿದ್ದರು ಅವರು. ಆ ಹೆರಿಗೆಯಲ್ಲಿ ಹುಟ್ಟಿದ ಮಗು ಈಗ ನನ್ನ ಕುರ್ಚಿಯ ಮೇಲೆ ನಿಂತಿತ್ತು.

"ಅದು ಮೇಡಂದು," ಎಂದೆ.

ಸುಧಾ ಆ ಗುಂಡಿಯನ್ನೂ ನನ್ನನ್ನೂ ನೋಡಿದಳು. "ನಮ್ ಅಸಿನಿಂದ್ಲಾ?"

"ಹೂಂ."

"ಅವ್ರಿಗ್ ಬಂದಿತ್ತಾ? ನಂಗ್ಯಾರೂ ಯೋಳ್ನೇ ಇಲ್ವಲ್ಲಣ್ಣ." ಮತ್ತೆ ಬಾಗಿಲ ಆಚೆ ಈಚೆ ಕಣ್ಣಾಡಿಸಿದಳು. "ಎಲ್ಲವ್ರೆ ಅವ್ರು? ಒಂದ್ಸಲ ಮಾತಾಡುಸ್ಬೇಕು."

ಹೇಳಿದೆ. ಅವರು ತೀರಿಕೊಂಡರು ಎಂದು. ಅವಳು ಮಗಳನ್ನು ಕೈ ಮಾಡಿ ಕರೆದು, ಎತ್ತಿಕೊಂಡು, ಗಾಜಿನ ಹತ್ತಿರ ತಂದಳು. ಆ ಮೂಲೆಯ ಗುಂಡಿಗೆ ಬೆರಳು ತೋರಿಸಿ, "ಕೈ ಮುಗಿ ಕಣವ್ವ" ಎಂದಳು. ಏನು ಎತ್ತ ತಿಳಿಯದ ಆ ಮಗು ಮುಗಿಯಿತು.